ಕೀ ತಿರುಗಿಸಿದ್ರೆ ಒಂದೇ ಒಂದು ಟಕ್ ಸೌಂಡ್, ಹೊಸ ಬ್ಯಾಟರಿ ಹಾಕಿದ್ರೂ ಕಾರ್ ಸ್ಟಾರ್ಟ್ ಆಗ್ತಿಲ್ಲ

ತುಂಗಾತೀರ:
ಎಲ್ಲರಿಗೂ ನಮಸ್ಕಾರ. 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನುಯಲ್ ಗೇರು. ಮನೆ ತೀರ್ಥಹಳ್ಳಿ ಹತ್ರ, ಕಾರ್ ನಿಲ್ಲಿಸೋದು ಶೀಟ್ ಮಾಡಿನ ಕೆಳಗೆ. ಮಳೆ ಹಿಡಿದ ಮೇಲೆ ಬೆಳಿಗ್ಗೆ ಹೊತ್ತು ಕೀ ತಿರುಗಿಸಿದ್ರೆ ಬಾನೆಟ್ ಒಳಗೆ ಒಂದು ಸಲ ಟಕ್ ಅನ್ನತ್ತೆ ಅಷ್ಟೇ, ಎಂಜಿನ್ ತಿರುಗೋದೇ ಇಲ್ಲ. ಲೈಟ್ ಎಲ್ಲಾ ಬರತ್ತೆ, ಹಾರ್ನ್ ಜೋರಾಗೇ ಇದೆ. ಪಕ್ಕದ್ಮನೆಯವ್ರ ಕಾರಿಂದ ಜಂಪರ್ ಕೇಬಲ್ ಹಾಕಿದ್ರೆ ತಕ್ಷಣ ಸ್ಟಾರ್ಟ್, ಅದಕ್ಕೇ ಬ್ಯಾಟರಿ ಹೋಗಿದೆ ಅಂತ ಹೊಸದು ಹಾಕ್ಸಿದ್ವಿ, ಸ್ವಲ್ಪ ದಿನ ಚೆನ್ನಾಗಿತ್ತು, ಈಗ ಮತ್ತೆ ಅದೇ ಕಥೆ. ಗ್ಯಾರೇಜಲ್ಲಿ ಎಂಜಿನ್ ತಿರುಗಿಸೋ ಸ್ಟಾರ್ಟರ್ ಮೋಟಾರೇ ಬದಲಾಯಿಸ್ಬೇಕು ಅಂತಿದಾರೆ. ಅಮ್ಮನ್ನ ಕಣ್ಣಿನ ಆಪರೇಷನ್‌ಗೆ ಶಿವಮೊಗ್ಗಕ್ಕೆ ಕರ್ಕೊಂಡು ಹೋಗೋದಿದೆ, ಅಷ್ಟರೊಳಗೆ ಸರಿ ಆಗ್ಬೇಕು. ಸ್ಟಾರ್ಟರ್ ಬಿಚ್ಚಿಸೋ ಮೊದಲು ಮನೇಲೇ ಏನಾದ್ರೂ ನೋಡ್ಬಹುದಾ? ಮಲ್ಟಿಮೀಟರ್ ಇದೆ.

ಕಡಲತಡಿ:
ಮೊದ್ಲು ಬ್ಯಾಟರಿ ಟರ್ಮಿನಲ್ ನೋಡಿ ಮಾರಾಯ್ರೆ. ನಮ್ಮ ಉಡುಪಿ ಕಡೆ ಉಪ್ಪುಗಾಳಿಗೆ ಮೂರು ತಿಂಗ್ಳಿಗೊಮ್ಮೆ ಬಿಳಿ-ಹಸಿರು ಪುಡಿ ಕೂರ್ತದೆ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಉಜ್ಜಿದ್ರೆ ಹೋಗ್ತದೆ. ಬಿಚ್ಚುವಾಗ ಮೈನಸ್ ಮೊದ್ಲು, ಹಾಕುವಾಗ ಮೈನಸ್ ಕೊನೆಗೆ. ಕ್ಲಾಂಪ್ ಕೈಯಲ್ಲಿ ತಿರುಗಿಸಿದ್ರೆ ಅಲುಗಾಡ್ಬಾರ್ದು. ಇನ್ನೊಂದು, ಟಕಟಕಟಕ ಅಂತ ಬೇಗ ಬೇಗ ಸೌಂಡ್ ಬಂದ್ರೆ ಹೆಚ್ಚಾಗಿ ಬ್ಯಾಟರಿ ಡೌನ್, ಒಂದೇ ಟಕ್ ಅಂದ್ರೆ ಸೊಲೆನಾಯ್ಡ್ (ಸ್ಟಾರ್ಟರಿಗೆ ಕರೆಂಟು ಬಿಡುವ ಸ್ವಿಚ್ಚು), ಸ್ಟಾರ್ಟರ್ ಅಥ್ವಾ ಕನೆಕ್ಷನ್. ಎಂಜಿನ್ ತಿರುಗಿಯೂ ಸ್ಟಾರ್ಟ್ ಆಗದಿದ್ರೆ ಪೆಟ್ರೋಲ್ ಪಂಪು, ಪ್ಲಗ್ಗು, ಸೆನ್ಸರ್ ಅಂತ ಹುಡುಕ್ಬೇಕಿತ್ತು, ನಿಮ್ದು ಆ ಕೇಸಲ್ಲ. ಮಲೆನಾಡಲ್ಲಿ ಮಳೆಗಾಲಕ್ಕೆ ಇಲಿ ಬಾನೆಟ್ ಒಳಗೆ ಸೇರ್ತದೆ, ವೈರ್ ಕಡಿದಿದ್ಯಾ ಅಂತ್ಲೂ ಒಮ್ಮೆ ಟಾರ್ಚ್ ಬಿಟ್ಟು ನೋಡಿ.

ಹುಬ್ಬಳ್ಳಿ ವೈರಿಂಗ್:
ಸರ್ ಒಂದು ಮಾತು ಹೇಳ್ರಿ, ಜಂಪರ್ ಹಾಕಿದಾಗ ಕರಿ ಕ್ಲಿಪ್ಪು ನಿಮ್ಮ ಬ್ಯಾಟರಿ ಮೈನಸ್ಸಿಗೆ ಹಾಕಿದ್ರೋ ಇಲ್ಲಾ ಎಂಜಿನ್ ಮ್ಯಾಲೆ ಎಲ್ಲರ ಹಾಕಿದ್ರೋ?

ತುಂಗಾತೀರ:
ಎಂಜಿನ್ ಮೇಲೆ, ಎತ್ತೋಕೆ ಅಂತ ಒಂದು ಕಬ್ಬಿಣದ ಕೊಕ್ಕೆ ಇರತ್ತಲ್ಲ ಅದಕ್ಕೆ. ಬ್ಯಾಟರಿ ಹತ್ರ ಕಿಡಿ ಹಾರ್ಬಾರ್ದು ಅಂತ ಹಂಗೇ ಹಾಕ್ಬೇಕಂತೆ. ಟರ್ಮಿನಲ್ ಎರಡೂ ಕ್ಲೀನಾಗಿದೆ, ಟೈಟ್ ಇದೆ. ವೈರ್ ಎಲ್ಲೂ ಕಡಿದಿಲ್ಲ.

ಹುಬ್ಬಳ್ಳಿ ವೈರಿಂಗ್:
ಹಂಗ ಹಾಕೂದ ಸರಿ. ಆದ್ರ ನಿಮ್ಮ ಉತ್ತರ ಅದ್ರಾಗ ಐತಿ ನೋಡ್ರಿ. ಎಂಜಿನ್ ಕುಂತಿರೋದು ರಬ್ಬರ್ ಮೌಂಟಿಂಗ್ ಮ್ಯಾಲ, ಬಾಡಿಗೂ ಅದಕ್ಕೂ ಕರೆಂಟಿನ ಸಂಬಂಧ ಇರೋದು ಒಂದು ದಪ್ಪ ಅರ್ಥ್ ಕೇಬಲ್ಲಿಂದ (ಬಾಡಿ ಮೂಲಕ ಕರೆಂಟು ಬ್ಯಾಟರಿ ಮೈನಸ್ಸಿಗೆ ವಾಪಸ್ ಹೋಗೋ ದಾರಿ) ಅಷ್ಟ. ಸ್ಟಾರ್ಟರ್ ಮೋಟಾರಿನ ಮೈನಸ್ ಅಂದ್ರ ಎಂಜಿನ್ನ ಮೈನೇ. ಆ ಕೇಬಲ್ ತುಕ್ಕು ಹಿಡದ್ರ ಹೊಸ ಬ್ಯಾಟರಿ ಹಾಕ್ರಿ, ಹೊಸ ಸ್ಟಾರ್ಟರ್ ಹಾಕ್ರಿ, ತಿರಗಂಗಿಲ್ಲ. ನೀವು ಕರಿ ಕ್ಲಿಪ್ಪು ಎಂಜಿನ್ನಿಗೆ ಹಾಕಿದಾಗ ಗೊತ್ತಿಲ್ಲದಂಗ ಅರ್ಥಿಗೆ ಬ್ಯಾರೆ ದಾರಿ ಕೊಟ್ರಿ, ಅದಕ್ಕ ಸ್ಟಾರ್ಟ್ ಆತು, ಎಲ್ಲಾರೂ ಬ್ಯಾಟರಿ ಮ್ಯಾಲ ಹಾಕಿದ್ರು.

ಲೈಟು ಹಾರ್ನು ನಂಬಬ್ಯಾಡ್ರಿ. ಹೆಡ್‌ಲೈಟ್ ಎರಡೂ ಸೇರಿ ಸುಮಾರು 10 ಆಂಪ್ ತಿಂದ್ರ ಹೆಚ್ಚು, ಅದರ ಅರ್ಥ್ ಬಾಡಿಗೆ ಬ್ಯಾರೆ ಐತಿ. ಸ್ಟಾರ್ಟರಿಗೆ ಸಣ್ಣ ಪೆಟ್ರೋಲ್ ಎಂಜಿನ್ನಿಗೂ ನೂರು ಆಂಪಿನ ಮ್ಯಾಲೆ ಬೇಕು, ಬೆಳಿಗ್ಗೆ ಥಂಡಿಗೆ ಇನ್ನೂ ಜಾಸ್ತಿ. 150 ಆಂಪ್ ಹರಿಯೋ ಹೊತ್ತಿಗೆ 0.02 ಓಮ್ ಅಡ್ಡಿ ಇದ್ರೂ 3 ವೋಲ್ಟ್ ಅಲ್ಲೇ ಹೋತು. ಮೀಟರಿನ ಬೀಪ್ ಸೌಂಡ್ ಟೆಸ್ಟಿನಾಗ ಇದು ಸಿಗಂಗಿಲ್ಲ, ಒಂದು ಎಳಿ ತಂತಿ ಉಳದಿದ್ರೂ ಅದು ಬೀಪ್ ಅಂತೈತಿ.

ಅದಕ್ಕ ಹಿಂಗ ಮಾಡ್ರಿ. ಹ್ಯಾಂಡ್‌ಬ್ರೇಕ್ ಹಾಕಿ ನ್ಯೂಟ್ರಲ್‌ನಾಗ ಇಡ್ರಿ, ಮೀಟರ್ ಡಿಸಿ 20 ವೋಲ್ಟಿಗೆ. ಮೊದಲ ಬ್ಯಾಟರಿ ಪ್ಲಸ್ ಮೈನಸ್ ಮ್ಯಾಲೆ ಇಟ್ಟು ಯಾರಿಗರ ಕೀ ತಿರಗಸಾಕ ಹೇಳ್ರಿ, ಆಗ 10ರ ಕೆಳಗ ಬಿದ್ರ ಬ್ಯಾಟರಿ ಕಡೆ ನೋಡಬೇಕು. ಆಮ್ಯಾಲ ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ಸಿನ ಸೀಸದ ಗೂಟಕ್ಕ, ಇನ್ನೊಂದು ಎಂಜಿನ್ ಮೈಯ ಪೇಂಟ್ ಇಲ್ಲದ ಜಾಗಕ್ಕ, ಮತ್ತ ಕೀ. ಇಲ್ಲಿ ಅರ್ಧ ವೋಲ್ಟಿನೊಳಗ ಇರಬೇಕು. ಕೊನೀಗೆ ಒಂದು ಜಂಪರ್ ಕೇಬಲ್ ಬ್ಯಾಟರಿ ಮೈನಸ್ಸಿಂದ ಸೀದಾ ಎಂಜಿನ್ನಿಗೆ ಹಾಕಿ ಸ್ಟಾರ್ಟ್ ಮಾಡ್ರಿ, ಬೆಲ್ಟಿಗೆ ಫ್ಯಾನಿಗೆ ತಾಗದಂಗ. ಬ್ಯಾರೆ ಕಾರು ಬೇಕಾಗಿಲ್ಲ.

ಕಡಲತಡಿ:
ಒಳ್ಳೆ ಮಾತು. ಆಕ್ಸಿಲೇಟರ್ ಕೇಬಲ್ ಅಥ್ವಾ ಕ್ಲಚ್ ಕೇಬಲ್ ಬಿಸಿ ಆಗ್ತದಾ ಅಂತಲೂ ಮುಟ್ಟಿ ನೋಡಿ, ಅರ್ಥ್ ಹೋದ ಗಾಡಿಯಲ್ಲಿ ಕರೆಂಟು ಆ ತಂತಿಯಲ್ಲಿ ನುಗ್ತದೆ, ಒಳಗಿನ ಪ್ಲಾಸ್ಟಿಕ್ ಕರಗಿದ್ದನ್ನೂ ನೋಡಿದ್ದೇನೆ. ಹಾಗಾಗಿ ಪದೇ ಪದೇ ಕೀ ತಿರುಗಿಸ್ತಾ ಕೂರ್ಬೇಡಿ.

ತುಂಗಾತೀರ:
ಈಗಷ್ಟೇ ನೋಡಿ ಬಂದೆ. ತಮ್ಮ ಕೀ ತಿರುಗಿಸಿದಾಗ ಬ್ಯಾಟರಿ ಮೇಲೆ 12.2 ಇತ್ತು, ಬೀಳ್ಲೇ ಇಲ್ಲ. ಮೈನಸ್ಸಿಂದ ಎಂಜಿನ್ನಿಗೆ ಇಟ್ರೆ 6ರ ಹತ್ರ ತೋರಿಸ್ತು! ಕ್ಲಚ್ ಕೇಬಲ್ ಬಿಸಿ ಇರ್ಲಿಲ್ಲ. ಜಂಪರ್ ಹಾಕಿದ ತಕ್ಷಣ ಮೊದಲನೇ ಸಲಕ್ಕೇ ಸ್ಟಾರ್ಟ್. ಕೆಳಗೆ ಬಗ್ಗಿ ಹುಡುಕಿದ್ರೆ ಗೇರ್‌ಬಾಕ್ಸ್‌ನಿಂದ ಬಾಡಿಗೆ ಒಂದು ಕರಿ ಕೇಬಲ್ ಬಂದಿದೆ, ಬಾಡಿ ಕಡೆ ಬೋಲ್ಟ್ ಸುತ್ತ ಪೂರ್ತಿ ತುಕ್ಕು, ಮೇಲೆ ಕೆಸರು ಗಟ್ಟಿ ಕೂತಿದೆ. ಇದನ್ನ ಉಜ್ಜಿದ್ರೆ ಸಾಕಾ, ಹೊಸದೇ ಹಾಕ್ಬೇಕಾ? ನಿಮ್ಗಳಿಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಕಮ್ಮಿ.

ಹುಬ್ಬಳ್ಳಿ ವೈರಿಂಗ್:
ಸ್ಟಾರ್ಟರ್ ಬಿಚ್ಚಸಬ್ಯಾಡ್ರಿ ಈಗ. ಬ್ಯಾಟರಿ ಮೈನಸ್ ಬಿಚ್ಚಿ, ಆ ಬೋಲ್ಟು ತಗದು, ಲಗ್ಗು (ಕೇಬಲ್ ತುದಿಯ ಲೋಹದ ಉಂಗುರ) ಮತ್ತ ಬಾಡಿ ಕಡೆ ಎರಡೂ ಮರಳಕಾಗದದಿಂದ ಹೊಳೆಯೋ ತನಕ ಉಜ್ರಿ, ಗೇರ್‌ಬಾಕ್ಸ್ ಕಡೆನೂ ಬಿಡಬ್ಯಾಡ್ರಿ. ಟೈಟ್ ಮಾಡಿದ ಮ್ಯಾಲ ಮ್ಯಾಲಿಂದ ಗ್ರೀಸ್ ಹಚ್ರಿ. ಆಮ್ಯಾಲ ಮತ್ತ ಅದೇ ಅಳತಿ ತಗೀರಿ. 0.2, 0.3 ಬಂದ್ರ ಮುಗೀತು. ಇನ್ನೂ ಒಂದರ ಮ್ಯಾಲ ಬಂದ್ರ ಲಗ್ಗಿನ ಒಳಗ ತಾಮ್ರ ಹಸಿರಾಗಿ ಕೊಳತೈತಿ ಅಂತ ತಿಳ್ಕೊಂಡು ಕೇಬಲ್ಲೇ ಬದಲಿ ಮಾಡ್ರಿ, ಹಳೇದಕ್ಕಿಂತ ತೆಳ್ಳಗಿಂದು ಹಾಕಾಕ ಒಪ್ಪಬ್ಯಾಡ್ರಿ. ಎಂಜಿನ್ ಚಾಲೂ ಇದ್ದಾಗ ಬ್ಯಾಟರಿ ಮ್ಯಾಲ 13.8ರಿಂದ 14.4 ಬರತೈತೇನು ಅದನ್ನೂ ನೋಡ್ಕೊಂಡು ಬಿಡ್ರಿ, ಆಲ್ಟರ್ನೇಟರ್ ಚಾರ್ಜ್ ಮಾಡೋದೂ ಅದೇ ಅರ್ಥಿನ ಮ್ಯಾಲ.