ಸಿಡ್ನಿ ಗವರ್ನರನ ಪತ್ರಗಳು: ಲಂಡನ್ನಿನ ಮೌನವನ್ನು ಹೇಗೆ ಓದಬೇಕು?

ಪ್ರಶ್ನೆ (ಧಾರವಾಡ, ಇತಿಹಾಸ ವಿದ್ಯಾರ್ಥಿನಿ)

ಮಾನ್ಯರೇ, ಆಸ್ಟ್ರೇಲಿಯಾದ ಬ್ರಿಟಿಷ್ ವಸಾಹತು ನ್ಯೂ ಸೌತ್ ವೇಲ್ಸಿನ ಮೊದಲ ಗವರ್ನರ್ ಆರ್ಥರ್ ಫಿಲಿಪ್ ಲಂಡನ್ನಿನ ಮಂತ್ರಿಗಳಿಗೆ ಬರೆದ ಅಧಿಕೃತ ಪತ್ರಗಳನ್ನು ಪ್ರಬಂಧಕ್ಕಾಗಿ ಓದುತ್ತಿದ್ದೇನೆ. 1788ರ ಮೇ ತಿಂಗಳ ಪತ್ರದಲ್ಲಿ, ಸಾವಿರ ಯುದ್ಧನೌಕೆಗಳು ನಿರಾತಂಕವಾಗಿ ನಿಲ್ಲಬಲ್ಲ ಬಂದರು ದೊರಕಿದೆಯೆಂದು ಹಿಗ್ಗಿದವನು 1790ರಲ್ಲಿ ಮುಗಿಯುತ್ತಿರುವ ದಾಸ್ತಾನಿನ ಲೆಕ್ಕ ಒಪ್ಪಿಸುತ್ತಾನೆ. ಅಷ್ಟು ದಿನ ಇಂಗ್ಲೆಂಡಿನಿಂದ ಒಂದು ಹಡಗೂ ಬಂದಿರಲಿಲ್ಲ. ಇದನ್ನು ಸರಕಾರದ ಅಸಡ್ಡೆ ಎಂದು ಬರೆಯಬಹುದೇ?

ಉತ್ತರ 1 (ಗದಗ, ನಿವೃತ್ತ ಗುಮಾಸ್ತ)

ತಂಗಿ, ಹಾಗೆ ಬರೆಯಲು ಅವಸರ ಮಾಡಬೇಡ. ನಾನು ಬಹಳ ವರ್ಷ ಆವಕ-ಜಾವಕ ವಹಿ ನೋಡಿಕೊಂಡವನು. ಟಪಾಲು ಬಿಚ್ಚಿದ ಕೂಡಲೇ ಕಾಗದದ ಮೂಲೆಗೆ ಮುದ್ರೆ ಒತ್ತಿ, ಬರೆದ ತಾರೀಖಿನ ಪಕ್ಕದಲ್ಲಿ ಮುಟ್ಟಿದ ತಾರೀಖನ್ನೂ ನಮೂದಿಸುತ್ತಿದ್ದೆವು. ಆ ಎರಡನೆಯ ತಾರೀಖು ತಿಳಿಯದೆ ಯಾರ ಮೇಲೂ ವಿಳಂಬದ ಆರೋಪ ಹೊರಿಸುವಂತಿರಲಿಲ್ಲ.

ಫಿಲಿಪ್‌ನ ಪತ್ರಗಳಿಗೂ ಹಾಗೆಯೇ ಒಂದು ವಹಿ ಮಾಡಿಕೋ. 1790ರ ಏಪ್ರಿಲ್‌ನಲ್ಲಿ ಪತ್ರಗಳ ಕಟ್ಟನ್ನು ಹೊತ್ತು ಹೊರಟ ಫಿಲಿಪ್ ಗಿಡ್ಲಿ ಕಿಂಗ್, ಮುಂದೆ ತಾನೇ ಗವರ್ನರನಾದವನು, ಬಟಾವಿಯಾದ (ಇಂದಿನ ಜಕಾರ್ತಾ) ಮಾರ್ಗವಾಗಿ ಇಂಗ್ಲೆಂಡ್ ಮುಟ್ಟಿದ್ದು ಡಿಸೆಂಬರ್‌ನಲ್ಲಿ. ಅಷ್ಟರೊಳಗೆ, ಅಂದರೆ ಜೂನ್ ತಿಂಗಳಲ್ಲಿಯೇ, ಇಂಗ್ಲೆಂಡಿನಿಂದ ಹೊರಟಿದ್ದ ಲೇಡಿ ಜೂಲಿಯಾನಾ ಮತ್ತು ಅದರ ಬೆನ್ನಿಗೇ ಬಂದ ಹಡಗುಗಳು ಸಿಡ್ನಿ ಸೇರಿದ್ದವು. ಇದಲ್ಲದೆ, ಸಾಮಗ್ರಿ ತುಂಬಿಕೊಂಡು ಹೊರಟಿದ್ದ ಗಾರ್ಡಿಯನ್ ನೌಕೆ 1789ರ ಡಿಸೆಂಬರ್‌ನಲ್ಲಿ ಹಿಮಗಡ್ಡೆಗೆ ಅಪ್ಪಳಿಸಿತು. ಅದು ಸಿಡ್ನಿಯನ್ನು ತಲುಪಲೇ ಇಲ್ಲ. ಹೀಗಿರುವಾಗ, ಹಸಿವಿನ ಪತ್ರ ಓದಿಯೂ ಲಂಡನ್ ಸುಮ್ಮನಿತ್ತು ಎನ್ನುವ ವಾಕ್ಯ ನಿಲ್ಲುವುದಿಲ್ಲ. ಮೊದಲಿಗೇ ಸಾಕಷ್ಟು ಸಾಮಗ್ರಿ ಕೊಟ್ಟು ಕಳಿಸಿದ್ದರೇ ಎಂಬುದು ಬೇರೆ ಪ್ರಶ್ನೆ, ಅದನ್ನು ಖಂಡಿತ ಕೇಳು.

ಉತ್ತರ 2 (ಹಾವೇರಿ)

ಹಿರಿಯರ ಮಾತಿಗೆ ಒಂದನ್ನು ಸೇರಿಸುತ್ತೇನೆ. 1790ರ ಫೆಬ್ರುವರಿಯ ಪತ್ರದಲ್ಲಿ ಫಿಲಿಪ್, ಹಿಂದಿನ ವರ್ಷದ ಸಿಡುಬಿಗೆ ಆ ಭಾಗದ ಮೂಲನಿವಾಸಿಗಳಲ್ಲಿ ಅರ್ಧದಷ್ಟು ಜನ ಸತ್ತರೆಂದು ಬರೆಯುತ್ತಾನೆ. ಆಧಾರವೇನೆಂದರೆ ತಮ್ಮೊಡನೆ ಇರುವ ಸ್ಥಳೀಯನೊಬ್ಬನ ಮಾತು. ಆ ಸ್ಥಳೀಯ ಬೆನ್ನೆಲಾಂಗ್. 1789ರ ನವೆಂಬರ್‌ನಲ್ಲಿ ಫಿಲಿಪ್‌ನ ಅಪ್ಪಣೆಯಂತೆಯೇ ಬಲವಂತದಿಂದ ಹಿಡಿದು ತರಲಾಗಿದ್ದವನು. ಅಷ್ಟೊಂದು ಸಾವಿನ ಸುದ್ದಿ ಲಂಡನ್ನಿಗೆ ಹೋದದ್ದು ಸೆರೆಯಾಳೊಬ್ಬನ ಬಾಯಿಂದ, ಅವನನ್ನು ಸೆರೆ ಹಿಡಿಸಿದವನ ಲೇಖನಿಯಿಂದ. ಇದನ್ನು ಓದಿದಾಗ ನನಗೆ ಬಹಳ ಹೊತ್ತು ಮುಂದಿನ ಪುಟ ತಿರುಗಿಸಲಾಗಲಿಲ್ಲ. 1824ರ ಕಿತ್ತೂರಿನ ಬಗ್ಗೆ ಕಂಪನಿಯ ಅಧಿಕಾರಿಗಳು ಬರೆದ ಕಾಗದಗಳನ್ನು ಓದುವಾಗ, ಇದನ್ನು ಇವರಿಗೆ ಹೇಳಿದವರು ಯಾರು ಎಂದು ನಾವು ಕೇಳಿಕೊಳ್ಳುತ್ತೇವಲ್ಲ, ಸಿಡ್ನಿಯ ಪತ್ರಗಳಿಗೂ ಅದನ್ನೇ ಕೇಳಬೇಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಅಸಡ್ಡೆ ಎಂಬ ಪದವನ್ನು ಸದ್ಯಕ್ಕೆ ತೆಗೆದಿದ್ದೇನೆ. ವಹಿಯಲ್ಲಿ ಬರೆದ ತಾರೀಖು, ಮುಟ್ಟಿದ ತಾರೀಖುಗಳ ಜೊತೆಗೆ, ಸುದ್ದಿ ಹೇಳಿದವರು ಎಂಬ ಮೂರನೆಯ ಅಂಕಣವನ್ನೂ ಹಾಕಿಕೊಂಡಿದ್ದೇನೆ.