ಎನ್‌ಬಿಎ 2ಕೆ ಆಟಕ್ಕೆ ಹಳೆಯ ತಂಡಗಳನ್ನು ಸೇರಿಸುವ ಬಗೆ: ಅನುಭವವಿದ್ದವರು ತಿಳಿಸಿ

ಪ್ರಶ್ನೆ: ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯನ್ನು ಆಧರಿಸಿದ ವಿಡಿಯೊ ಗೇಮ್ ಎನ್‌ಬಿಎ 2ಕೆಯಲ್ಲಿಲ್ಲದ ಕೆಲವು ಹಳೆಯ ತಂಡಗಳನ್ನು ಅದರ ರೋಸ್ಟರ್ ಎಡಿಟರ್‌ನಲ್ಲಿ (ತಂಡ, ಆಟಗಾರರನ್ನು ತಿದ್ದುವ ಸೌಲಭ್ಯ) ನಾನೇ ಕಟ್ಟುತ್ತಿದ್ದೇನೆ. ಅಂದಿನ ಅಂಕಿಅಂಶ ನೋಡಿಯೇ ರೇಟಿಂಗ್ ಕೊಟ್ಟರೂ ಆಟಗಾರರು ಇಂದಿನವರಂತೆಯೇ ಆಡುತ್ತಾರೆ. ಇದಕ್ಕೆ ಪರಿಹಾರವೇನು?

ಉತ್ತರ 1: ಕೊರತೆ ಇರುವುದು ರೇಟಿಂಗ್‌ನಲ್ಲಿ ಅಲ್ಲ, ಟೆಂಡೆನ್ಸಿಯಲ್ಲಿ. ಆಟಗಾರ ಎಷ್ಟು ಚೆನ್ನಾಗಿ ಎಸೆಯುತ್ತಾನೆಂಬುದು ರೇಟಿಂಗ್. ಎಷ್ಟು ಸಲ ಎಸೆಯಲು ಮುಂದಾಗುತ್ತಾನೆಂಬುದು ಟೆಂಡೆನ್ಸಿ. 1985-86ರಲ್ಲಿ ಬಾಸ್ಟನ್ ಸೆಲ್ಟಿಕ್ಸ್‌ನ ಲ್ಯಾರಿ ಬರ್ಡ್ ಇಡೀ ಋತುವಿನಲ್ಲಿ ಮೂರು ಅಂಕದ 194 ಎಸೆತಗಳನ್ನು ಎಸೆದು 82ನ್ನು ಬುಟ್ಟಿಗೆ ಹಾಕಿದರು, ಲೀಗ್‌ನಲ್ಲಿ ಆ ವರ್ಷ ಅದೇ ಅತಿ ಹೆಚ್ಚು. 2015-16ರಲ್ಲಿ ಸ್ಟೀಫನ್ ಕರಿ ಹಾಕಿದ್ದು 402. ಆದ್ದರಿಂದ ಬರ್ಡ್ ಅವರ ರೇಟಿಂಗನ್ನು ಎತ್ತರದಲ್ಲೇ ಉಳಿಸಿ, ಮೂರು ಅಂಕದ ಟೆಂಡೆನ್ಸಿಯನ್ನು ಧಾರಾಳವಾಗಿ ಇಳಿಸಿ, ಅದೇ ತಂಡದ ಕೆವಿನ್ ಮೆಕ್‌ಹೇಲ್ ಅವರ ಪೋಸ್ಟ್ ಆಟದ (ಬುಟ್ಟಿಯ ಬಳಿ ನಿಂತು ಆಡುವ ಆಟ) ಟೆಂಡೆನ್ಸಿಯನ್ನು ಏರಿಸಿದರೆ ಚೆಂಡು ತಾನಾಗಿ ಬುಟ್ಟಿಯ ಹತ್ತಿರಕ್ಕೆ ಹೋಗುತ್ತದೆ.

ಶಿಕಾಗೊ ಬುಲ್ಸ್ ಕಟ್ಟುವವರು ಇನ್ನೂ ಎಚ್ಚರದಿಂದಿರಬೇಕು. ಮೈಕೆಲ್ ಜೋರ್ಡನ್ ಅವರ ಮೂರು ಅಂಕದ ನಿಖರತೆ 1995-96ರಲ್ಲಿ ಶೇ. 42.7 ಇದ್ದದ್ದು 1997-98ರಲ್ಲಿ ಶೇ. 23.8ಕ್ಕೆ ಕುಸಿಯಿತು. ಕೈಚಳಕ ಮಾಯವಾಯಿತೆಂದಲ್ಲ, 1994ರಿಂದ 1997ರವರೆಗೆ ಮೂರು ಅಂಕದ ಗೆರೆಯನ್ನು ಎಲ್ಲೆಡೆ ಬುಟ್ಟಿಯಿಂದ 22 ಅಡಿಗೆ ಹತ್ತಿರ ತಂದಿದ್ದರು. 1995-96ರಲ್ಲಿ 72 ಗೆದ್ದು 10 ಸೋತ ಆ ತಂಡದ ಶೇಕಡಾವಾರನ್ನು ಇಂದಿನ ಗೆರೆಯ ಮೈದಾನಕ್ಕೆ ಹಾಗೆಯೇ ಇಳಿಸಿದರೆ ಎಲ್ಲರೂ ಅತಿ ನುರಿತ ಶೂಟರ್‌ಗಳಾಗಿಬಿಡುತ್ತಾರೆ.

ಉತ್ತರ 2: ಮೇಲಿನ ಮಾತು ಒಪ್ಪಿಗೆಯೇ, ಆದರೆ ಇನ್ನೂ ಹಿಂದಕ್ಕೆ ಹೋದರೆ ಅಂಕಿಅಂಶವೇ ಕೈಕೊಡುತ್ತದೆ. ಬ್ಲಾಕ್ (ಎದುರಾಳಿಯ ಎಸೆತ ತಡೆಯುವುದು) ಮತ್ತು ಸ್ಟೀಲ್ (ಚೆಂಡು ಕಸಿಯುವುದು) ಲೆಕ್ಕವನ್ನು ಎನ್‌ಬಿಎ ಅಧಿಕೃತವಾಗಿ ಇಡತೊಡಗಿದ್ದು 1973-74ರಿಂದ; ಅದಕ್ಕೂ ಮೊದಲೇ ಆಡಿದ ಬಿಲ್ ರಸೆಲ್ ಅವರ ರಕ್ಷಣಾ ಆಟವನ್ನು ಅಂಕಿಯಿಂದ ಅಳೆಯಲು ಹೊರಟರೆ ಖಾಲಿ ಕಾಲಂ ಸಿಗುತ್ತದೆ. ಅಂಥಲ್ಲಿ ಹಳೆಯ ಪಂದ್ಯಗಳ ದೃಶ್ಯ ನೋಡಿ, ಧೈರ್ಯವಾಗಿ ಅಂದಾಜು ಮಾಡುವುದೇ ಸರಿ. 1979-80ಕ್ಕಿಂತ ಮೊದಲು ಎನ್‌ಬಿಎಯಲ್ಲಿ ಮೂರು ಅಂಕದ ಗೆರೆಯೇ ಇರಲಿಲ್ಲವಾದ್ದರಿಂದ ಆ ಟೆಂಡೆನ್ಸಿಯನ್ನು ಸೊನ್ನೆಗೆ ಇಳಿಸಿ.

ಉತ್ತರ 3: ಆಟದಲ್ಲಿ ಕೆಲವು ದೊಡ್ಡ ಹೆಸರುಗಳು ಕಾಣದಿದ್ದರೆ ಆಶ್ಚರ್ಯಪಡಬೇಡಿ. ನಿವೃತ್ತರ ಹೆಸರು ಮತ್ತು ಮುಖ ಬಳಸಲು ಬೇರೆಯೇ ಒಪ್ಪಂದ ಬೇಕಾಗುತ್ತದೆ. ಚಾರ್ಲ್ಸ್ ಬಾರ್ಕ್ಲಿ, ರೆಜಿ ಮಿಲ್ಲರ್ ಈ ಸರಣಿಯ ಹಳೆಯ ತಂಡಗಳಲ್ಲಿ ಬಹುಕಾಲ ಇರದಿದ್ದುದು ಎಲ್ಲರಿಗೂ ಗೊತ್ತು. ಅವರನ್ನು ಕೈಯಾರೆ ರಚಿಸಿಕೊಳ್ಳಬೇಕು. 2ಕೆ23 ಇದ್ದರೆ ಅದರ ಎರಾಸ್ ಮೋಡ್‌ನಲ್ಲಿ 1983, 1991, 2002ರ ಕಾಲಘಟ್ಟಗಳು ಸಿದ್ಧವಾಗಿವೆ; ನಿಮಗೆ ಬೇಕಾದವರು ಅಲ್ಲಿದ್ದಾರೆಯೇ ಎಂದು ಮೊದಲು ನೋಡಿ, ಇಲ್ಲದವರಿಗಷ್ಟೇ ಎಡಿಟರ್ ತೆರೆಯಿರಿ.