ಮುಳ್ಳಯ್ಯನಗಿರಿಯ ಹಾದಿಯಿಂದ ಹಿಂದಿರುಗಿದ್ದು ದೈವೇಚ್ಛೆಯೋ, ನನ್ನ ಅಂಜಿಕೆಯೋ?

ಪ್ರಶ್ನೆ (ಚಿಕ್ಕಮಗಳೂರಿನಿಂದ)

ಎಲ್ಲರಿಗೂ ನಮಸ್ಕಾರ. ತಂದೆಯವರ ಹೃದಯದ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿದರೆ, ವಾಹನದಲ್ಲಿ ಹೋಗದೆ ಸರ್ಪದಾರಿಯಲ್ಲೇ ನಡೆದು ಮುಳ್ಳಯ್ಯನಗಿರಿಯನ್ನು ಹತ್ತಿ, ಮುಳ್ಳಪ್ಪ ಸ್ವಾಮಿಯ ಗದ್ದುಗೆಗೆ ಕಾಯಿ ಒಡೆಸುತ್ತೇನೆಂದು ಹರಕೆ ಹೊತ್ತಿದ್ದೆ. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಭಾದ್ರಪದದ ಒಂದು ಭಾನುವಾರ ಹದಿನೇಳು ವರ್ಷದ ಸೋದರಳಿಯನನ್ನು ಜೊತೆಗೆ ಕರೆದುಕೊಂಡು ಹೊರಟೆ. ಅರ್ಧಕ್ಕಿಂತ ಹೆಚ್ಚು ದಾರಿ ಸವೆದ ಮೇಲೆ ಹುಡುಗನ ಕಾಲು ಒದ್ದೆ ಹುಲ್ಲಿನಲ್ಲಿ ಜಾರಿ ಮಂಡಿ ಉಳುಕಿತು. ಅದೇ ಹೊತ್ತಿಗೆ ಮಂಜು ಎಷ್ಟು ದಟ್ಟವಾಗಿ ಕವಿಯಿತೆಂದರೆ ಹತ್ತು ಹೆಜ್ಜೆ ಮುಂದಿನ ಬಂಡೆಯೂ ಕಾಣದಾಯಿತು. ಮೇಲಿನಿಂದ ಇಳಿದು ಬರುತ್ತಿದ್ದ, ಕಂಬಳಿ ಕೊಪ್ಪೆ ಹಾಕಿಕೊಂಡಿದ್ದ ಹಿರಿಯರೊಬ್ಬರು ನಿಂತು, ‘ಇವತ್ತು ಬೇಡ, ಇಳಿದುಬಿಡಿ’ ಎಂದರು. ಮನಸ್ಸಿಲ್ಲದ ಮನಸ್ಸಿನಿಂದ ಇಳಿದೆ. ನಾವು ರಸ್ತೆ ಮುಟ್ಟಿದ ಅರ್ಧ ಗಂಟೆಗೆ ಆಕಾಶ ತಿಳಿಯಾಗಿ ಶಿಖರ ಸ್ಪಷ್ಟವಾಗಿ ಕಾಣಿಸಿತು. ಅಂದಿನಿಂದ ಒಂದೇ ಕೊರಗು: ಆ ಹಿರಿಯರ ಬಾಯಲ್ಲಿ ಸ್ವಾಮಿಯೇ ತಡೆದನೋ, ಅಥವಾ ಅವನು ಒಡ್ಡಿದ ಪರೀಕ್ಷೆಯಲ್ಲಿ ನಾನು ಸೋತೆನೋ? ಇದನ್ನು ತಿಳಿಯುವ ಬಗೆ ಹೇಗೆ?

ಉತ್ತರ 1 (ಮೂಡಿಗೆರೆ ಕಡೆಯ ಕಾಫಿ ಬೆಳೆಗಾರ)

ಮೊದಲು ಮಂಜಿನ ವಿಷಯ ಹೇಳಿಬಿಡುತ್ತೇನೆ. ಅರಬ್ಬೀ ಸಮುದ್ರದ ಕಡೆಯಿಂದ ಬರುವ ತೇವದ ಗಾಳಿ ಚಂದ್ರದ್ರೋಣ ಬೆಟ್ಟಸಾಲಿಗೆ ತಗುಲಿ ಮೇಲೇರುವಾಗ ತಣಿದು ಮೋಡವಾಗುತ್ತದೆ. 1,900 ಮೀಟರಿಗೂ ಎತ್ತರದ, ಕರ್ನಾಟಕದಲ್ಲೇ ಅತಿ ಎತ್ತರದ ಆ ಶಿಖರದ ಮೈಮೇಲೆ ನಿಂತವರಿಗೆ ಆ ಮೋಡವೇ ಮಂಜು. ಅದು ಐದು ನಿಮಿಷದಲ್ಲಿ ಬರುತ್ತದೆ, ಐದು ನಿಮಿಷದಲ್ಲಿ ಹೋಗುತ್ತದೆ, ಕೆಲವೊಮ್ಮೆ ಎರಡು ದಿನ ಕದಲುವುದೇ ಇಲ್ಲ. ತಾವು ಇಳಿದ ಮೇಲೆ ತಿಳಿಯಾಯಿತೆಂಬುದರಲ್ಲಿ ದೇವರ ಅಣಕವೇನೂ ಇಲ್ಲ. ಮಳೆಗಾಲದಲ್ಲಿ ಆ ಏಣಿನ ಹುಲ್ಲು ಎಣ್ಣೆ ಸವರಿದಂತಿರುತ್ತದೆ, ಇಂಬಳದ (ಜಿಗಣೆಯ) ಕಾಟ ಬೇರೆ. ಆ ಹಿರಿಯರು ಹೇಳಿದ್ದು ಅನುಭವದ ಮಾತು. ಅದನ್ನು ದೈವವಾಣಿಯೆಂದು ಕರೆಯಲು ನನಗೆ ಸಂಕೋಚವಾಗುತ್ತದೆ, ಆದರೆ ಕೇಳಿದ್ದು ಒಳ್ಳೆಯದಾಯಿತು.

ಉತ್ತರ 2 (ಹಾಸನದ ನಿವೃತ್ತ ಸಂಸ್ಕೃತ ಅಧ್ಯಾಪಕ)

ಬೆಳೆಗಾರರ ಮಾತನ್ನು ಒಪ್ಪುತ್ತಲೇ ಒಂದು ವಿಷಯ ಸೇರಿಸುತ್ತೇನೆ. ಯಾವುದೇ ಕೆಲಸ ನಡೆಯಲು ಐದು ಕಾರಣಗಳಿವೆಯೆಂದು ಗೀತೆಯ 18ನೆಯ ಅಧ್ಯಾಯದ 14ನೆಯ ಶ್ಲೋಕ ಹೇಳುತ್ತದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ (ಎಂದರೆ ಬಗೆಬಗೆಯ ಕ್ರಿಯೆ), ಐದನೆಯದು ದೈವ. ತಾವು ಮೊದಲ ನಾಲ್ಕರ ಲೆಕ್ಕ ನೋಡದೆ ನೇರವಾಗಿ ಐದನೆಯದನ್ನೇ ಪ್ರಶ್ನಿಸುತ್ತಿದ್ದೀರಿ. ಅಧಿಷ್ಠಾನವೆಂದರೆ ದೇಹವೆಂದು ಶಂಕರಾಚಾರ್ಯರ ಭಾಷ್ಯ. ಉಳುಕಿದ ಮಂಡಿ ಅಲ್ಲಿಗೇ ಸೇರಿತು. ಕರಣವೆಂದರೆ ಇಂದ್ರಿಯಗಳು, ಹತ್ತು ಹೆಜ್ಜೆ ಕಾಣದ ಕಣ್ಣು ಅಲ್ಲಿಗೆ. ಇನ್ನು ದೈವವೆಂಬುದನ್ನು ಆಚಾರ್ಯರು ಬಿಡಿಸುವ ರೀತಿ ಸ್ವಾರಸ್ಯಕರವಾಗಿದೆ: ಕಣ್ಣು ಮೊದಲಾದ ಇಂದ್ರಿಯಗಳಿಗೆ ಅನುಗ್ರಹ ಮಾಡುವ ಆದಿತ್ಯಾದಿಗಳೇ, ಎಂದರೆ ಸೂರ್ಯ ಮೊದಲಾದ ದೇವತೆಗಳೇ, ದೈವ. ಆ ದಿನ ಮಂಜಿನಲ್ಲಿ ತಮ್ಮ ಕಣ್ಣಿಗೆ ಒದಗದೆ ಹೋದವನು ಆದಿತ್ಯನೇ ಅಲ್ಲವೇ! (ಇದು ನನ್ನ ವಿಸ್ತರಣೆ, ಭಾಷ್ಯಕಾರರ ಮೇಲೆ ಹೊರಿಸುತ್ತಿಲ್ಲ.) ಹೀಗೆ ನೋಡಿದರೆ ದೈವವು ಮಂಜಿನ ಹಿಂದೆ ಅಡಗಿ ಕುಳಿತು ಪರೀಕ್ಷಿಸುವ ಅಧಿಕಾರಿಯಲ್ಲ, ಕೆಲಸದೊಳಗೇ ಸೇರಿದ ಒಂದು ಪಾಲು.

ಇನ್ನೂ ಒಂದು ಮಾತು. ಕೃಷ್ಣನು ಎಲ್ಲವನ್ನೂ ಹೇಳಿ ಮುಗಿಸಿ, ಚೆನ್ನಾಗಿ ವಿಮರ್ಶಿಸಿ ನಿನಗೆ ತೋರಿದಂತೆ ಮಾಡು ಎನ್ನುತ್ತಾನೆ. ಅದಾದ ಮೇಲೆಯೇ ಅರ್ಜುನ ನಿನ್ನ ಮಾತಿನಂತೆ ನಡೆಯುತ್ತೇನೆ ಎನ್ನುವುದು. ವಿಮರ್ಶೆಯನ್ನು ಬಿಟ್ಟ ಶರಣಾಗತಿ ಅಲ್ಲಿಲ್ಲ.

ಉತ್ತರ 3 (ಮಲ್ಲೇನಹಳ್ಳಿ ಬಳಿಯ ಗೃಹಿಣಿ)

ಇಬ್ಬರ ಮಾತೂ ಸರಿಯೇ, ಆದರೆ ಅಡ್ಡಿ ಬಂದಾಗಲೆಲ್ಲ ಹಿಂದಿರುಗುವುದೇ ಸರಿಯೆಂದು ಯಾರೂ ತಿಳಿಯಬಾರದು. ನರಕ ಚತುರ್ದಶಿಯ ಹೊತ್ತಿಗೆ ನಮ್ಮ ದೇವೀರಮ್ಮನ ಬೆಟ್ಟವನ್ನು ಸಾವಿರಾರು ಜನ ಬರಿಗಾಲಲ್ಲಿ, ಕತ್ತಲಲ್ಲೇ ಹತ್ತುತ್ತಾರೆ. ಮಳೆ ಬಂದು ಹಾದಿ ಕೆಸರಾದರೂ ಹತ್ತುತ್ತಾರೆ, ನಾನೂ ಹತ್ತಿದ್ದೇನೆ. ಅಲ್ಲಿ ಮೇಲಿನವರು ಕೈ ಕೊಡುತ್ತಾರೆ, ಕೆಳಗಿನವರು ಬೆನ್ನಿಗೆ ಆಸರೆಯಾಗುತ್ತಾರೆ, ಗುರುತು ಪರಿಚಯವೇನೂ ಬೇಕಿಲ್ಲ. ಆದರೆ ಒಂದು ವರ್ಷ ನಮ್ಮ ಅತ್ತೆಯವರು, ಜಾರಿಬಿದ್ದ ಅಪರಿಚಿತ ಹುಡುಗಿಯೊಬ್ಬಳನ್ನು ಕೆಳಗಿಳಿಸಲು ಅರ್ಧದಲ್ಲೇ ತಿರುಗಿದರು. ಅವರಿಗೆ ಒಂದು ದಿನವೂ ಅನುಮಾನ ಬರಲಿಲ್ಲ. ತಾವು ಬರೆದದ್ದನ್ನು ಎರಡು ಸಲ ಓದಿದೆ, ಅಣ್ಣಾ. ಮಂಜು, ಹಿರಿಯರು, ಶಿಖರ, ಹರಕೆ ಎಲ್ಲದರ ಬಗ್ಗೆಯೂ ಕೇಳಿದ್ದೀರಿ. ಹುಡುಗನ ಮಂಡಿ ಏನಾಯಿತೆಂದು ಮಾತ್ರ ಬರೆದಿಲ್ಲ.

ಪ್ರಶ್ನೆ ಕೇಳಿದವರು

ತಂಗೀ, ತಮ್ಮ ಕೊನೆಯ ಸಾಲನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಇಳಿಯುವಾಗ ಅವನು ನನ್ನ ಹೆಗಲು ಹಿಡಿದಿದ್ದ, ನಾನು ಹಿಂತಿರುಗಿ ಶಿಖರವನ್ನೇ ನೋಡುತ್ತಿದ್ದೆ. ಹೋಗಲೇಬೇಕು, ಈ ದಾರಿಯಲ್ಲೇ ಹೋಗಬೇಕು, ಈ ದಿನವೇ ಹೋಗಬೇಕು ಎಂದು ಗೊತ್ತುಮಾಡಿದ್ದೆಲ್ಲ ನಾನೇ. ಅಷ್ಟನ್ನೂ ಸ್ವಾಮಿಯ ಬಾಯಿಗೆ ತುರುಕಿದ್ದೆ. ಮಂಡಿ ಈಗ ವಾಸಿಯಾಗಿದೆ. ನಿನ್ನೆ ಕೇಳಿದ್ದಕ್ಕೆ, ಮಾವ, ಆ ದಿನ ಮೇಲಕ್ಕೇ ಹೋಗೋಣವೆಂದು ನೀವು ಹಟ ಹಿಡಿಯುತ್ತೀರೇನೋ ಎಂದು ಹೆದರಿದ್ದೆ ಎಂದ. ಮಾರ್ಗಶಿರದಲ್ಲಿ ಮತ್ತೆ ಹೋಗಬೇಕೆಂದಿದ್ದೇನೆ. ಅವನು ಬರುತ್ತೇನೆಂದರೆ ನಡೆದು, ಇಲ್ಲವಾದರೆ ತಂದೆಯವರನ್ನು ವಾಹನದಲ್ಲಿ ಮೆಟ್ಟಿಲಿನ ಬುಡದವರೆಗೆ ಕರೆದುಕೊಂಡು. ಅಂದು ಒಯ್ದಿದ್ದ ಕಾಯಿ ಇನ್ನೂ ದೇವರ ಗೂಡಿನಲ್ಲೇ ಇದೆ. ಅದನ್ನೇ ಒಡೆಸಬಹುದೇ?

ಉತ್ತರ 1 (ಮತ್ತೆ)

ಮಾರ್ಗಶಿರದ ಹೊತ್ತಿಗೆ ಅದು ಕೊಬ್ಬರಿಯಾಗಿರುತ್ತದೆ. ಹೊಸದು ತೆಗೆದುಕೊಂಡು ಹೋಗಿ.